ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು

1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಬಳಿಕ ಆ ಗುಡ್ಡನಾಡಿನ ವಿದ್ಯಾರ್ಥಿಗಳಿಗೆ ಮಡಿಕೇರಿಯ ಸರಕಾರಿ ಸೆಂಟ್ರಲ್ ಶಾಲೆಯು ಆಸರೆಯಾಗಿ ಬೆಳೆಯಿತು. 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾದ 'ಮ್ಯಾನ್ಯುಯಲ್ ಆಫ್ ಕೂರ್ಗ್' ಗ್ರಂಥದ ಕರ್ತೃ ರೆವರೆಂಡ್ ರಿಕ್ಟರ್ ಇದರ ಪ್ರಾಂಶುಪಾಲರಾಗಿದ್ದರು. ಸರಕಾರಿ ಶಾಲೆಗೆ ಬಾಸೆಲ್ ಮಿಶನ್ನಿನ ಪಾದ್ರಿಯೊಬ್ಬರು ಮುಖ್ಯಸ್ಥರಾಗಿದ್ದುದು ಇಂದು ನಮಗೆ ಸೋಜಿಗವೆನಿಸೀತು.

ಮುಂದೆ ಮುಖ್ಯೋಪಾಧ್ಯಾಯರಾಗಿ ಬಂದವರು ಬಂಟವಾಳದ ಪಂಜೆ ಮಂಗೇಶರಾಯರು. ಮಕ್ಕಳ ನಾಲಗೆಗೆ ಕನ್ನಡವನ್ನು ಸವಿಯಾಗಿಸಿದ ಅವರಿಂದ ಕೊಡಗಿಗೆ 'ಹುತ್ತರಿ ಹಾಡು' ದೊರಕಿತು. ಆ ಶಾಲೆಯ ಕಾಣಿಕೆಗಳಲ್ಲಿ ನಾವು ಇದನ್ನೇ ಮೊದಲೆಣಿಸುವೆವು.

ಆದರೆ ಅಂದು ಊರಿನಲ್ಲಿ ಕಾಲೇಜಿರಲಿಲ್ಲ. ಇಲ್ಲಿ ಕಲಿತು, 1949ರಲ್ಲಿ ಭಾರತೀಯ ಭೂಸೇನೆಯ ಪ್ರಥಮ ಭಾರತೀಯ ದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರೂ ಮುಂದಿನ ಓದಿಗೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಬೇಕಾಯಿತು. ಅಷ್ಟು ದೂರ ಕಳುಹಿಸುವ ಶಕ್ತಿಯಿಲ್ಲದ ಮನೆಗಳ ಮಕ್ಕಳಿಗೆ ಈ ಹೈಸ್ಕೂಲೇ ಓದಿನ ಕೊನೆಯ ಮೆಟ್ಟಿಲಾಗಿತ್ತು.