ಕಲ್ಲು, ಇಟ್ಟಂಗಿ, ಹಿಡಿತ: ಕಲಬುರಗಿ–ಕಮಲಾಪುರ ಸೀಮೆಯ ಗೋಡೆಗಳ ಅಧ್ಯಯನ ಚರಿತ್ರೆ

ಸಾರಾಂಶ

ಕಲಬುರಗಿ ಸೀಮೆಯ ಗೋಡೆಗಳನ್ನು ಮೊದಲು ಪುರಾತತ್ವಜ್ಞರು ಓದಿದರು, ಆಮೇಲೆ ಎಂಜಿನಿಯರರು ಅಳೆದರು. 1993ರ ಕಿಲ್ಲಾರಿ ಭೂಕಂಪ ಆ ಎರಡೂ ಓದುಗಳ ಕೊರತೆಯನ್ನು ತೋರಿಸಿತು. ಗೋಡೆಯ ಬಾಳಿಕೆಯನ್ನು ನಿರ್ಧರಿಸುವಲ್ಲಿ ಕಲ್ಲು–ಇಟ್ಟಂಗಿಯ ಬಲಕ್ಕಿಂತ ಅವುಗಳ ನಡುವಿನ ಹಿಡಿತವೇ ಮುಖ್ಯ ಎಂಬ ವಾದವನ್ನು ಈ ಲೇಖನ ಮುಂದಿಡುತ್ತದೆ.

1. ನೆಲ ಮತ್ತು ಸಾಮಗ್ರಿ

ಕಲಬುರಗಿ ನಗರ ದಖನ್ನಿನ ಕಪ್ಪು ಬಸಾಲ್ಟ್ ಶಿಲೆಯ ಮೇಲೆ ಕೂತಿದೆ. ದಕ್ಷಿಣಕ್ಕೆ ಇಳಿದರೆ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಭೀಮಾ ಕಣಿವೆಯ ಸುಣ್ಣಶಿಲೆ ಸಿಗುತ್ತದೆ. ಬಸಾಲ್ಟ್ ಗಟ್ಟಿಯಾದರೂ ನಯವಾಗಿ ಕೊರೆಯಲು ಒಗ್ಗದು. ಪದರ ಪದರವಾಗಿ ಬಿಡಿಸಬಹುದಾದ ಶಹಾಬಾದಿ ಪರ್ಸಿ ನೆಲಹಾಸಿಗೂ ಮಾಳಿಗೆಗೂ ಒದಗುತ್ತದೆ. ನಗರದ ಸುತ್ತ ಎರೆಮಣ್ಣು ಹರಡಿದೆ. ಹುಮನಾಬಾದ್ ರಸ್ತೆಯಲ್ಲಿ ಸಿಗುವ ಕಮಲಾಪುರ ಕೆಂಪು ಬಾಳೆಗೂ ಅದನ್ನು ಬೆಳೆಸುವ ಕೆಂಪು ಮಣ್ಣಿಗೂ ಹೆಸರಾದ ಊರು. ಹೀಗೆ ಒಂದೇ ರಸ್ತೆಯ ಮೇಲೆ ಮಣ್ಣಿನ ಗುಣ ಬದಲಾಗುತ್ತದೆ.

2. ಬಹಮನಿ ಕಟ್ಟಡ ಮತ್ತು ಅದರ ಓದುಗರು

1347ರಲ್ಲಿ ಅಲಾಉದ್ದೀನ್ ಹಸನ್ ಬಹಮನ್ ಶಾ ಸ್ಥಾಪಿಸಿದ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿಯ ಶಾಸನದಲ್ಲಿ 1367ನೇ ಇಸವಿ ಇದೆ. ಕಟ್ಟಿಸಿದವನು ಇರಾನಿನ ಕಜ್ವೀನ್ ಮೂಲದ ರಫಿ. ಈ ಮಸೀದಿಗೆ ತೆರೆದ ಅಂಗಳವಿಲ್ಲ. ಇಡೀ ಪ್ರಾರ್ಥನಾ ಸ್ಥಳದ ಮೇಲೆ ಸಾಲು ಸಾಲಾಗಿ ಚಿಕ್ಕ ಗುಮ್ಮಟಗಳಿವೆ, ನಾಲ್ಕು ಮೂಲೆಗಳಲ್ಲಿ ಅವಕ್ಕಿಂತ ದೊಡ್ಡವು, ಮಿಹ್ರಾಬಿನ ಮುಂದೆ ಎಲ್ಲಕ್ಕಿಂತ ದೊಡ್ಡದು. ಸಮಗಾತ್ರದ ಗುಮ್ಮಟಗಳು ಅಕ್ಕಪಕ್ಕ ನಿಂತಾಗ ಒಂದರ ಅಡ್ಡ ಒತ್ತಡವನ್ನು ಇನ್ನೊಂದರದು ಸರಿತೂಗಿಸುತ್ತದೆ. ಕೊನೆಯ ಸಾಲಿನ ಒತ್ತಡ ಮಾತ್ರ ಹೊರಗೋಡೆಗೂ ಮೂಲೆಯ ತೂಕಕ್ಕೂ ಬೀಳುತ್ತದೆ. ಕಟ್ಟಡ ಆರೂವರೆ ಶತಮಾನ ನಿಂತದ್ದರಲ್ಲಿ ಈ ಲೆಕ್ಕಾಚಾರದ ಪಾಲು ದೊಡ್ಡದು.

ಹತ್ತೊಂಬತ್ತನೆಯ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಈ ಮಸೀದಿಯ ಅಪೂರ್ವ ವಿನ್ಯಾಸದತ್ತ ವಿದ್ವಾಂಸರ ಗಮನ ಸೆಳೆದನು. 1914ರಲ್ಲಿ ನಿಜಾಮ ಸಂಸ್ಥಾನದಲ್ಲಿ ಪುರಾತತ್ವ ಇಲಾಖೆ ಶುರುವಾಗಿ, ಗುಲಾಂ ಯಜ್ದಾನಿ ಅದರ ಮುಖ್ಯಸ್ಥರಾದರು. ಎಲಿಜಬೆತ್ ಮರ್ಕ್ಲಿಂಗರ್ ಅವರ ದಖನ್ ವಾಸ್ತುಶಿಲ್ಪದ ಗ್ರಂಥ 1981ರಲ್ಲಿ ಬಂದಿತು. ಈ ಪರಂಪರೆಯ ಮುಖ್ಯ ಪ್ರಶ್ನೆಗಳು ಕಾಲ, ವಿನ್ಯಾಸ, ಶೈಲಿ. ಕಲ್ಲನ್ನು ಕಲ್ಲಿಗೆ ಹಿಡಿದ ಸುಣ್ಣದ ಗಾರೆ ಈ ಪ್ರಶ್ನೆಗಳ ಅಂಚಿನಲ್ಲೇ ಉಳಿಯಿತು.

ಸುಣ್ಣಗಾರೆ ಗಾಳಿಯ ಇಂಗಾಲಾಮ್ಲವನ್ನು ಹೀರುತ್ತ ನಿಧಾನವಾಗಿ ಗಟ್ಟಿಯಾಗುತ್ತದೆ; ಗೋಡೆ ತುಸು ಅಲುಗಿದರೆ ತಾನೂ ಹೊಂದಿಕೊಳ್ಳುತ್ತದೆ, ತೇವವನ್ನು ಹೊರಬಿಡುತ್ತದೆ. ಇಂಥ ಗೋಡೆಗೆ ದುರಸ್ತಿಯೆಂದು ಗಟ್ಟಿ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು, ಉಪ್ಪು ಹರಳುಗಟ್ಟಿ, ಹಳೆಯ ಭಾಗದ ಮೈ ಉದುರತೊಡಗುತ್ತದೆ. ಆದ್ದರಿಂದ ಸ್ಮಾರಕದ ಗಾರೆಯ ವಿಶ್ಲೇಷಣೆ ಸಂರಕ್ಷಣೆಯ ಮೊದಲ ಹೆಜ್ಜೆ.

3. ಸಿಮೆಂಟ್ ಯುಗದ ಪ್ರಯೋಗಗಳು

1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದಿನ ಸಿಮೆಂಟ್ ಕಾರ್ಖಾನೆಯೂ ಅದರೊಳಗೆ ಸೇರಿತು. ಸುಣ್ಣದ ಗಚ್ಚು ಅರೆಯುವ ಕೆಲಸ ಕ್ರಮೇಣ ನಿಂತು, ಸಿಮೆಂಟು–ಮರಳಿನ ಗಾರೆ ಗೌಂಡಿಯ ಕರಣಿಗೆ ಬಂತು.

ಪಾಶ್ಚಾತ್ಯ ಸಿದ್ಧಾಂತದಲ್ಲಿ ಇಟ್ಟಿಗೆ ಗಟ್ಟಿ, ಗಾರೆ ಮೆದು. 1969ರಲ್ಲಿ ಹಿಲ್ಸ್‌ಡಾರ್ಫ್ ಮಂಡಿಸಿದ ಮಾದರಿಯಂತೆ ಭಾರ ಬಿದ್ದಾಗ ಗಾರೆ ಪಕ್ಕಕ್ಕೆ ಹಿಗ್ಗಲು ಹೋಗಿ ಇಟ್ಟಿಗೆಯನ್ನು ಎಳೆದು ಸೀಳುತ್ತದೆ. ನಮ್ಮ ಭಟ್ಟಿಯ ಇಟ್ಟಂಗಿಯಲ್ಲಿ ಪರಿಸ್ಥಿತಿ ಹಲವೊಮ್ಮೆ ತಿರುಗುಮುರುಗು: ಸಿಮೆಂಟ್ ಗಾರೆಯೇ ಗಟ್ಟಿ, ಇಟ್ಟಂಗಿ ಮೆದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಇದನ್ನೇ ಕೈಗೆತ್ತಿಕೊಂಡರು. ಜಿ. ಸಾರಂಗಪಾಣಿ ಅವರೊಡನೆ 2005ರಲ್ಲಿ ಅವರು ಪ್ರಕಟಿಸಿದ ಫಲಿತ ಹೀಗಿದೆ: ಇಂಥ ಮೆದು ಇಟ್ಟಿಗೆಯ ಗೋಡೆಯಲ್ಲಿ ಇಟ್ಟಿಗೆ–ಗಾರೆಯ ಹಿಡಿತ ಹೆಚ್ಚಿದಂತೆ ಗೋಡೆ ಭಾರ ಹೊರುವ ಶಕ್ತಿಯೂ ಹೆಚ್ಚುತ್ತದೆ. ಆದರೆ 1987ರ ಐಎಸ್ 1905 ಸಂಹಿತೆಯ ಕೋಷ್ಟಕಗಳು ಇಟ್ಟಿಗೆಯ ಬಲ ಮತ್ತು ಗಾರೆಯ ದರ್ಜೆಯನ್ನು ಆಧರಿಸಿವೆ. ಹಿಡಿತಕ್ಕೆ ಅಲ್ಲಿ ಪ್ರತ್ಯೇಕ ಅಂಕಣವಿಲ್ಲ.

4. ಕಿಲ್ಲಾರಿಯ ಪಾಠ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 6.2 ಪ್ರಮಾಣದ ಭೂಕಂಪವಾಗಿ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಕಲಬುರಗಿಯಿಂದ ನೇರ ದೂರ ಸುಮಾರು 85 ಕಿ.ಮೀ. ಬಿದ್ದವು ನಮ್ಮ ಕಡೆಯ ಹಳೆಯ ಮನೆಗಳಂಥವೇ: ದಪ್ಪ ಕಲ್ಲುಗೋಡೆ, ಮಣ್ಣಿನ ಗಾರೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಕಲ್ಲು ಒಡೆಯಲಿಲ್ಲ. ಒಳಮೈ–ಹೊರಮೈ ಎರಡು ಸಾಲುಗಳು ಬೇರ್ಪಟ್ಟು, ನಡುವಿನ ಜಲ್ಲಿ ಜಾರಿ, ಮಾಳಿಗೆ ಕುಸಿಯಿತು. ಅದೇ ವರ್ಷದ ಐಎಸ್ 13828 ಮಾರ್ಗಸೂಚಿಯಂತೆ ಕಲ್ಲುಗೋಡೆಯ ದಪ್ಪ 450 ಮಿ.ಮೀ. ಮೀರಬಾರದು, ಪ್ರತಿ 600 ಮಿ.ಮೀ. ಎತ್ತರಕ್ಕೆ, 1.2 ಮೀಟರಿಗಿಂತ ದೂರವಾಗದಂತೆ, ಗೋಡೆಯ ಆರಪಾರ ಹೋಗುವ ಕಲ್ಲುಗಳನ್ನು ಇಡಬೇಕು.

ಭೂಕಂಪ ವಲಯಗಳನ್ನು ಗುರುತಿಸುವ ಐಎಸ್ 1893 ಸಂಹಿತೆ ಕಲಬುರಗಿಯನ್ನು ಎರಡನೆಯ ವಲಯದಲ್ಲಿ, ಅಂದರೆ ಕಡಿಮೆ ಅಪಾಯದ ಸಾಲಿನಲ್ಲಿ ಇಟ್ಟಿತ್ತು. ಆದರೂ 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಸುತ್ತ ನೆಲ ಮತ್ತೆ ಮತ್ತೆ ನಡುಗಿ ಜನ ಮನೆ ಬಿಟ್ಟು ಹೊರಗೆ ಮಲಗಿದರು. ವಲಯದ ಅಂಕಿ ನೆಲದ ಅಲುಗಾಟವನ್ನು ಅಂದಾಜಿಸುತ್ತದೆ. ಗೋಡೆ ಎಷ್ಟು ದುರ್ಬಲ ಎಂಬುದನ್ನು ಬೇರೆಯಾಗಿ ಅಳೆಯಬೇಕು.

5. ಮುಂದಿನ ಅಧ್ಯಯನಕ್ಕೆ

ಹೊಸ ಮನೆಗಳಲ್ಲಿ ಬಿರುಕಿನ ಸಾಮಾನ್ಯ ಕಾರಣ ತಳಪಾಯದ ಎರೆಮಣ್ಣು: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಎರೆಮಣ್ಣಿನಲ್ಲಿರುವ ಜೇಡಿಯ ಇದೇ ಗುಣದಿಂದ, ಆ ಮಣ್ಣನ್ನು ಸುಡದೆ ಒತ್ತಿ ಮಾಡಿದ ಇಟ್ಟಂಗಿಗೆ ಬರೀ ಸಿಮೆಂಟ್ ಸಾಲದು, ಸುಣ್ಣ ಬೇಕು. ಮರಳು ಬೆರೆತ ಕೆಂಪು ಮಣ್ಣಿಗೆ ಸಿಮೆಂಟ್ ಚೆನ್ನಾಗಿ ಒಗ್ಗುತ್ತದೆ. ಹಾಗಾಗಿ ನಗರದ ಎರೆಮಣ್ಣು–ಸುಣ್ಣ, ಕಮಲಾಪುರದ ಕೆಂಪು ಮಣ್ಣು–ಸಿಮೆಂಟ್ ಎಂಬ ಜೋಡಿಗಳನ್ನು ಒಂದೇ ವಿಧಾನದಲ್ಲಿ ಹೋಲಿಸಬೇಕು. ಬಿಡಿ ಇಟ್ಟಂಗಿಯನ್ನು ಮುರಿದು ನೋಡಿದರೆ ಸಾಲದು. ತುಂಡುಗೋಡೆ ಕಟ್ಟಿ ಅದರ ಹಿಡಿತ, ಬಾಗುವ ಶಕ್ತಿ, ನೆನೆದಾಗ ಉಳಿಯುವ ಬಲವನ್ನು ಅಳೆಯಬೇಕು. 1958ರಿಂದ ನಗರದಲ್ಲಿರುವ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳಿಗೆ ಇದು ಕೈಗೆಟುಕುವ ಕೆಲಸ. ಈ ಸೀಮೆಯ ಅಂಕಿಗಳು ಹೀಗೆ ಸೇರಿದರೆ ಸ್ಮಾರಕದ ದುರಸ್ತಿಗೆ ತಕ್ಕ ಗಾರೆಯನ್ನೂ ಹೊಸ ಮನೆಗೆ ತಕ್ಕ ಇಟ್ಟಂಗಿಯನ್ನೂ ಊಹೆಯ ಬದಲು ಪ್ರಮಾಣದ ಮೇಲೆ ಆರಿಸಬಹುದು.