ತರಗತಿಗೆ ಹತ್ತು ಮಕ್ಕಳು

2025ನೆಯ ಇಸವಿಯ ಮಳೆಗಾಲದ ಮೊದಲ ದಿನಗಳಲ್ಲಿ ನಮ್ಮ ಮುಂಬಯಿಯಲ್ಲಿ ಮಳೆಗಿಂತ ಹೆಚ್ಚಾಗಿ ಭಾಷೆಯದೇ ಮಾತು. ಒಂದನೆಯ ಇಯತ್ತೆಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಲಿಸಬೇಕೆಂದು ಮಹಾರಾಷ್ಟ್ರ ಸರಕಾರ ಎಪ್ರಿಲ್ 16ರಂದು ಆದೇಶ ಹೊರಡಿಸಿತ್ತು. ಕೇಂದ್ರದ ಹೊಸ ಶಿಕ್ಷಣ ನೀತಿಯನ್ನು ಜಾರಿಗೆ ತರುವ ಕ್ರಮವಿದು ಎಂದು ಹೇಳಲಾಯಿತು. ವಿರೋಧ ಬಂತು. ಜೂನ್ 17ರಂದು ಆದೇಶಕ್ಕೆ ತಿದ್ದುಪಡಿಯಾಯಿತು. ಜೂನ್ 29ರಂದು ಎರಡೂ ಆದೇಶಗಳನ್ನು ಹಿಂದೆಗೆದುಕೊಂಡು, ವಿಷಯವನ್ನು ಡಾ. ನರೇಂದ್ರ ಜಾಧವ್ ಅವರ ಅಧ್ಯಕ್ಷತೆಯ ಸಮಿತಿಗೆ ಒಪ್ಪಿಸಲಾಯಿತು. ಇದೆಲ್ಲ ಓದುಗರ ನೆನಪಿನಲ್ಲಿರುವ ಸಂಗತಿ.

ಆ ಗದ್ದಲದಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದೆ ಹೋದ ಒಂದು ಸಣ್ಣ ಸಂಖ್ಯೆಯಿದೆ. ಹಿಂದಿಯ ಬದಲಿಗೆ ಬೇರೊಂದು ಭಾರತೀಯ ಭಾಷೆ ಬೇಕೆನ್ನುವ ಮಕ್ಕಳು ಒಂದು ತರಗತಿಯಲ್ಲಿ ಕನಿಷ್ಠ 20 ಮಂದಿ ಇದ್ದರೆ, ಆ ಭಾಷೆಗೆ ಅಧ್ಯಾಪಕರನ್ನು ಕೊಡಲಾಗುವುದು, ಇಲ್ಲವಾದರೆ ಆನ್‌ಲೈನ್ ಮೂಲಕ ಕಲಿಸಲಾಗುವುದು ಎಂದು ಜೂನ್ 17ರ ತಿದ್ದುಪಡಿ ಹೇಳಿತ್ತು. ಹನ್ನೆರಡೇ ದಿನಗಳಲ್ಲಿ ಆದೇಶದ ಜೊತೆಗೆ ಆ ಸಂಖ್ಯೆಯೂ ಹೋಯಿತು. ಆದರೆ ಮಕ್ಕಳ ತಲೆ ಎಣಿಸಿ ಭಾಷೆಯ ಹಕ್ಕನ್ನು ಅಳೆಯುವ ಈ ಲೆಕ್ಕಕ್ಕೂ ಹೊರನಾಡ ಕನ್ನಡಿಗರಾದ ನಮಗೂ ಇರುವ ನಂಟು ಮುಕ್ಕಾಲು ಶತಮಾನದ್ದು. ದಿಲ್ಲಿಯಲ್ಲಿ ಶಿಕ್ಷಣ ನೀತಿ ಬದಲಾದಾಗಲೆಲ್ಲ ನಮ್ಮ ಮಕ್ಕಳ ಕನ್ನಡಕ್ಕೆ ಏನಾಯಿತು ಎಂಬುದನ್ನು ತಿಳಿಯಬೇಕಾದರೆ ಈ ಲೆಕ್ಕದ ಚರಿತ್ರೆಯನ್ನು ನೋಡಬೇಕು.

ಲೆಕ್ಕ ಆರಂಭವಾದದ್ದು 1949ರ ಆಗಸ್ಟಿನಲ್ಲಿ. ಸಂವಿಧಾನ ಇನ್ನೂ ಜಾರಿಗೆ ಬಂದಿರಲಿಲ್ಲ. ಆಗ ಸೇರಿದ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ, ಪ್ರಾಥಮಿಕ ಹಂತದಲ್ಲಿ ಮಗುವಿಗೆ ಮಾತೃಭಾಷೆಯಲ್ಲೇ ಪಾಠವಾಗಬೇಕೆಂದು ನಿರ್ಣಯಿಸಿತು. ಮಾತೃಭಾಷೆ ಪ್ರಾಂತದ ಭಾಷೆಗಿಂತ ಬೇರೆಯಾಗಿದ್ದರೆ, ಇಡೀ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದಲ್ಲಿ ಆ ಭಾಷೆಯ ಒಬ್ಬ ಅಧ್ಯಾಪಕನನ್ನಾದರೂ ನೇಮಿಸಬೇಕೆಂದು ಷರತ್ತು ಹಾಕಿತು. ಕೇಂದ್ರ ಸರಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು. ಭಾಷಾ ಅಲ್ಪಸಂಖ್ಯಾತರ ಶಿಕ್ಷಣದ ಬಗ್ಗೆ ಆ ಮೇಲೆ ಬಂದ ಬಹುಪಾಲು ಮಾತುಗಳಿಗೆ ಬುನಾದಿ ಇದೇ.

ಅಂದು ಮುಂಬಯಿಯ ಕನ್ನಡಿಗರಿಗೆ ಈ ನಿರ್ಣಯ ಅಷ್ಟಾಗಿ ತಟ್ಟಿರಲಾರದು. ಏಕೆಂದರೆ ಮುಂಬಯಿ ಪ್ರಾಂತದಲ್ಲಿ ಕನ್ನಡ ಪರಕೀಯವಾಗಿರಲಿಲ್ಲ. ಬೆಳಗಾವಿ, ವಿಜಾಪುರ, ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿ. ಮರಾಠಿ, ಗುಜರಾತಿಗಳ ಜೊತೆಗೆ ಕನ್ನಡವೂ ಪ್ರಾಂತದ ಭಾಷೆ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಕಣ್ತೆರೆದದ್ದು ಇದೇ ಮುಂಬಯಿಯಲ್ಲಿ. ಅದು ಧಾರವಾಡಕ್ಕೆ ಹೋದದ್ದು ಮರುವರ್ಷ. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಿಂದ ಹೊಟ್ಟೆಪಾಡಿಗಾಗಿ ಬಂದ ನಮ್ಮವರಿಗೂ ಇಲ್ಲಿ ಕನ್ನಡದ ನೆರಳು ಇತ್ತು.

1956ರ ನವೆಂಬರ್ 1ರಂದು ಚಿತ್ರ ಬದಲಾಯಿತು. ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಏಕೀಕರಣದ ಆ ಹಬ್ಬವನ್ನು ಮುಂಬಯಿಯ ಕನ್ನಡಿಗರೂ ಆಚರಿಸಿದರು. ಆದರೆ ಅದೇ ದಿನದಿಂದ, ಇದ್ದ ಜಾಗದಿಂದ ಕದಲದೆ, ಅವರು ಪರರಾಜ್ಯದ ಅಲ್ಪಸಂಖ್ಯಾತರೂ ಆದರು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿದಾಗ ಈ ಸ್ಥಿತಿ ಖಾಯಂ ಆಯಿತು.

ರಾಜ್ಯಗಳ ಗಡಿ ಹೇಗೆ ಎಳೆದರೂ ಗಡಿಯಾಚೆ ಉಳಿಯುವವರು ಇದ್ದೇ ಇರುತ್ತಾರೆಂದು ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ ಗೊತ್ತಿತ್ತು. ಅದರ ಸಲಹೆಯಂತೆ 1956ರ ಏಳನೆಯ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 350ಎ ಎಂಬ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿ ರಾಜ್ಯವೂ, ರಾಜ್ಯದೊಳಗಿನ ಪ್ರತಿ ಸ್ಥಳೀಯ ಆಡಳಿತವೂ ಪ್ರಯತ್ನಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಇದನ್ನು ನೋಡಿಕೊಳ್ಳಲು 350ಬಿ ವಿಧಿಯ ಕೆಳಗೆ ಒಬ್ಬ ವಿಶೇಷಾಧಿಕಾರಿಯ ಹುದ್ದೆಯೂ 1957ರಲ್ಲಿ ಬಂತು. ಇಲ್ಲಿ 'ಸ್ಥಳೀಯ ಆಡಳಿತ' ಎಂಬ ಮಾತನ್ನು ಮುಂಬಯಿಗರು ಗಮನಿಸಬೇಕು. ಈ ನಗರದಲ್ಲಿ ಪ್ರಾಥಮಿಕ ಶಿಕ್ಷಣ ಬಹುಕಾಲದಿಂದ ಮುನಿಸಿಪಾಲಿಟಿಯ ಹೊಣೆ. ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಇಂಗ್ಲಿಷುಗಳ ಜೊತೆಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿದ ಪಾಲಿಕೆ ಇದು. ಬೇರೆ ಯಾವ ನಗರಕ್ಕೂ ಸುಲಭವಲ್ಲದ ಈ ಔದಾರ್ಯಕ್ಕೆ ನಾವು ಋಣಿಗಳು.

ಸರಕಾರ ಮಾಡಿದ್ದು ಇಷ್ಟು. ಉಳಿದದ್ದನ್ನು ನಮ್ಮ ಹಿರಿಯರು ತಾವೇ ಮಾಡಿಕೊಂಡರು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಕ್ಯಾಂಟೀನಿನಲ್ಲಿ ದುಡಿದು, ಸಂಜೆ ಪುಸ್ತಕ ಹಿಡಿದು ಕೂತ ಹುಡುಗರಿಗಾಗಿ ರಾತ್ರಿ ಶಾಲೆಗಳು ಹುಟ್ಟಿದವು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಈ ಕೆಲಸಕ್ಕೆ ಕೈ ಹಾಕಿದವು. ವಡಾಲದ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿಯಂಥ ಸಂಸ್ಥೆಗಳು ಹಗಲು ಶಾಲೆಗಳನ್ನು ಕಟ್ಟಿದವು. ಈ ಹುಡುಗರಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಅಕ್ಷರ ಮಾತ್ರ ಕನ್ನಡ. ಮನೆಗೆ ಕಾಗದ ಬರೆಯಲು ಅವರಿಗೆ ಬೇಕಾದದ್ದು, ಪತ್ರಿಕೆ ಓದಲು ಬೇಕಾದದ್ದು, ಎಸ್.ಎಸ್.ಸಿ. ಪಾಸಾಗಿ ಬ್ಯಾಂಕಿನ ಅಥವಾ ರೈಲ್ವೆಯ ಕೆಲಸಕ್ಕೆ ಅರ್ಜಿ ಹಾಕುವ ಧೈರ್ಯ ಕೊಟ್ಟದ್ದು ಕನ್ನಡವೇ. ಆ ರಾತ್ರಿ ಶಾಲೆಗಳ ಬೆಂಚಿನಲ್ಲಿ ಹತ್ತು ಮಕ್ಕಳಿದ್ದಾರೆಯೇ ಎಂದು ಎಣಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಇನ್ನೊಂದು ಉಪಕಾರವನ್ನೂ ನೆನೆಯಬೇಕು. 1967ರ ಜನವರಿಯಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಪಠ್ಯಪುಸ್ತಕ ಮಂಡಳಿ, ಅಂದರೆ ನಾವೆಲ್ಲ ಬಲ್ಲ ಬಾಲಭಾರತಿ, ಕನ್ನಡದಲ್ಲೂ ಪುಸ್ತಕಗಳನ್ನು ಅಚ್ಚು ಹಾಕಿತು. ಆ ಪುಸ್ತಕಗಳನ್ನು ಓದುವವರು ಮುಂಬಯಿಯ ಮಕ್ಕಳಷ್ಟೇ ಅಲ್ಲ, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಮಕ್ಕಳೂ ಹೌದು. ಗಡಿಯ ಆ ಹಳ್ಳಿಗಳಲ್ಲಿ ಕನ್ನಡ ಮಕ್ಕಳು ಒಂದೇ ಕಡೆ ಕೂಡಿ ಇರುವುದರಿಂದ ಶಾಲೆಗೆ ಬೇಕಾದ ಸಂಖ್ಯೆ ತಾನಾಗಿ ಕೂಡುತ್ತದೆ. ಅವರಿಗಾಗಿ ಅಚ್ಚಾಗುವ ಪುಸ್ತಕ ಮುಂಬಯಿಯ ಮಗುವಿನ ಕೈಗೂ ಬರುತ್ತದೆ.

ದಿಲ್ಲಿಯ ನೀತಿಯ ಎರಡನೆಯ ಅಧ್ಯಾಯ ತ್ರಿಭಾಷಾ ಸೂತ್ರದ್ದು. 1961ರ ಮುಖ್ಯಮಂತ್ರಿಗಳ ಸಮ್ಮೇಳನ ಅದಕ್ಕೆ ಒಂದು ರೂಪ ಕೊಟ್ಟಿತು; 1964ರಿಂದ 66ರ ವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಅದನ್ನು ತಿದ್ದಿತು; 1968ರ ಮೊದಲ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಅದು ಸ್ಥಾನ ಪಡೆಯಿತು. ಹೆಸರು ತ್ರಿಭಾಷಾ ಸೂತ್ರವಾದರೂ ನಮ್ಮ ಮಕ್ಕಳಿಗೆ ಅದು ಚತುರ್ಭಾಷಾ ಸೂತ್ರ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್: ಭಾಷೆ ನಾಲ್ಕು, ಲಿಪಿ ಮೂರು. 1961ರ ಸೂತ್ರದಲ್ಲಿ ಪ್ರಾದೇಶಿಕ ಭಾಷೆಯ ಜೊತೆಗೆ ಮಾತೃಭಾಷೆಗೂ ಜಾಗವಿತ್ತು ನಿಜ. ಆದರೆ ನಾಲ್ಕರಲ್ಲಿ ಒಂದನ್ನು ಬಿಡಬೇಕಾದ ಹೊತ್ತು ಬಂದಾಗ ಬಿಟ್ಟುಹೋದದ್ದು ಯಾವುದೆಂದು ಪ್ರತಿ ಮನೆಗೂ ಗೊತ್ತು. ಇಂಗ್ಲಿಷ್ ಅನ್ನಕ್ಕೆ ಬೇಕು, ಮರಾಠಿ ನೆರೆಹೊರೆಗೆ ಬೇಕು, ಹಿಂದಿ ಪೇಟೆಗೆ ಬೇಕು. ಮನೆಯಲ್ಲೇ ಇರುವುದನ್ನು ಶಾಲೆಯಲ್ಲಿ ಕಲಿಯುವುದೇಕೆ ಎಂಬ ತರ್ಕ ಗೆದ್ದಿತು.

1976ರ ನಲವತ್ತೆರಡನೆಯ ತಿದ್ದುಪಡಿ ಶಿಕ್ಷಣವನ್ನು ರಾಜ್ಯಗಳ ಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಗೆ ಸೇರಿಸಿತು. ಅಂದಿನಿಂದ ಶಾಲೆಯ ಮಾತಿನಲ್ಲಿ ಕೇಂದ್ರಕ್ಕೂ ನೇರವಾದ ಅಧಿಕಾರ. 1986ರ ನೀತಿ, 2009ರ ಶಿಕ್ಷಣ ಹಕ್ಕು ಕಾಯಿದೆ, 2020ರ ನೀತಿ ಇವೆಲ್ಲ ಈ ದಾರಿಯಲ್ಲಿ ಬಂದವು. ಆದರೆ ಈ ಅವಧಿಯಲ್ಲಿ ಮುಂಬಯಿಯ ಕನ್ನಡ ಶಾಲೆಗಳನ್ನು ಹೆಚ್ಚು ಅಲುಗಿಸಿದ್ದು ಯಾವ ಕಾಯಿದೆಯೂ ಅಲ್ಲ. ಮನೆಯ ವಿಳಾಸ ಬದಲಾದದ್ದು ಅದಕ್ಕಿಂತ ದೊಡ್ಡ ಕಾರಣ. ಕೋಟೆ, ಗಿರಗಾಂವ್, ಮಾಟುಂಗಾ, ವಡಾಲಗಳಲ್ಲಿ ಒತ್ತೊತ್ತಾಗಿ ಇದ್ದ ಕನ್ನಡ ಕುಟುಂಬಗಳು ಸ್ವಂತ ಮನೆಯ ಆಸೆಯಿಂದ ಬೊರಿವಲಿ, ಮೀರಾರೋಡ್, ವಸಾಯಿ, ಡೊಂಬಿವಲಿ, ಕಲ್ಯಾಣಗಳಿಗೆ ಹಂಚಿಹೋದವು. ದಹಿಸರ, ಮುಲುಂಡಗಳನ್ನು ದಾಟಿದರೆ ಬೃಹನ್ಮುಂಬಯಿ ಪಾಲಿಕೆಯ ಶಾಲೆಯೂ ಇಲ್ಲ. ಒಂದು ಚಾಳಿನಲ್ಲಿ ಹತ್ತು ಕನ್ನಡ ಮಕ್ಕಳಿದ್ದ ಕಾಲ ಹೋಗಿ ಒಂದು ಕಾಲೊನಿಯಲ್ಲಿ ಇಬ್ಬರು, ಅವರಲ್ಲೊಬ್ಬ ಎರಡನೆಯ ಇಯತ್ತೆ, ಮತ್ತೊಬ್ಬಳು ಏಳನೆಯ ಇಯತ್ತೆ ಎಂಬ ಕಾಲ ಬಂತು. ಕನ್ನಡಿಗರು ಕಡಿಮೆಯಾಗದೆಯೂ 'ತರಗತಿಗೆ ಹತ್ತು' ಎಂಬ ಲೆಕ್ಕ ತಪ್ಪಿದ್ದು ಹೀಗೆ. ಇದಕ್ಕೆ ಇಂಗ್ಲಿಷ್ ಮಾಧ್ಯಮದ ಸೆಳೆತ ಸೇರಿದ ಮೇಲೆ ಕೇಳುವುದೇನಿದೆ? ನಮ್ಮ ಸಂಘಸಂಸ್ಥೆಗಳೇ ಇಂಗ್ಲಿಷ್ ಶಾಲೆಗಳನ್ನು ತೆರೆದವು. ಪಾಲಕರು ಬಯಸಿದ್ದನ್ನೇ ಅವು ಮಾಡಿದವು. ಅವುಗಳನ್ನು ದೂರಿ ಫಲವಿಲ್ಲ.

ಕಾಯಿದೆಯ ಕಡೆಯಿಂದಲೂ ಮಾತು ಪಾಲಕರ ಬಳಿಗೇ ಬಂದು ನಿಂತಿತು. ಒಂದರಿಂದ ನಾಲ್ಕನೆಯ ತರಗತಿಯ ವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು 1994ರಲ್ಲಿ ಕರ್ನಾಟಕ ಸರಕಾರ ಮಾಡಿದ್ದ ಆದೇಶ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ನಿಲ್ಲಲಿಲ್ಲ. ಮಗುವಿನ ಮಾತೃಭಾಷೆ ಯಾವುದು, ಮಾಧ್ಯಮ ಯಾವುದು ಎಂಬುದನ್ನು ನಿರ್ಧರಿಸುವವರು ಪಾಲಕರು, ಸರಕಾರ ಬಲವಂತ ಮಾಡಲಾಗದು ಎಂದು 2014ರ ಮೇ 6ರಂದು ತೀರ್ಪು ಬಂತು. ಇತ್ತ ಭಾಷಾ ಅಲ್ಪಸಂಖ್ಯಾತರ ಶಾಲೆಗಳಲ್ಲೂ ಮರಾಠಿ ಕಲಿಸಬೇಕೆಂಬ ಮಹಾರಾಷ್ಟ್ರದ ನಿಯಮವನ್ನು ಅದೇ ನ್ಯಾಯಾಲಯ 2004ರಲ್ಲಿ ಎತ್ತಿಹಿಡಿದಿತ್ತು. ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯವೆಂಬ ಕಾಯಿದೆ 2020ರಲ್ಲಿ ಬಂತು. ಇದರಲ್ಲಿ ನಮಗೆ ನೋವಾಗಬೇಕಾದದ್ದು ಏನೂ ಇಲ್ಲ. ಉಣ್ಣುವ ನೆಲದ ಭಾಷೆಯನ್ನು ಕಲಿಯುವುದು ಸೌಜನ್ಯವೂ ಹೌದು, ಲಾಭವೂ ಹೌದು.

ಇನ್ನು 2020ರ ಜುಲೈ 29ರಂದು ಕೇಂದ್ರ ಮಂತ್ರಿಮಂಡಲ ಒಪ್ಪಿದ ನೀತಿಯ ಮಾತು. ಅದರ ಕರಡು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು ವಿಜ್ಞಾನಿ ಡಾ. ಕೆ. ಕಸ್ತೂರಿರಂಗನ್. ಬೆಂಗಳೂರಿನಲ್ಲಿ ಇಸ್ರೋ ಸಂಸ್ಥೆಯನ್ನು ನಡೆಸಿದ ಅವರು ಪದವಿ ಓದಿದ್ದು ನಮ್ಮ ಮಾಟುಂಗಾದ ರುಯಿಯಾ ಕಾಲೇಜಿನಲ್ಲಿ ಎಂಬುದು ಮುಂಬಯಿಗರಿಗೆ ಹೆಮ್ಮೆಯ ವಿಷಯ. ಅವರು 2025ರ ಎಪ್ರಿಲ್ 25ರಂದು ತೀರಿಕೊಂಡರು. ಮಹಾರಾಷ್ಟ್ರದ ಆ ಮೊದಲ ಆದೇಶ ಬಂದು ಆಗ ಒಂಬತ್ತು ದಿನಗಳಾಗಿದ್ದವು.

ಸಾಧ್ಯವಾದಲ್ಲೆಲ್ಲ ಐದನೆಯ ತರಗತಿಯ ವರೆಗಾದರೂ, ಆದರೆ ಎಂಟನೆಯ ವರೆಗೆ, ಮನೆಮಾತು, ಮಾತೃಭಾಷೆ, ಸ್ಥಳೀಯ ಭಾಷೆ ಅಥವಾ ಪ್ರಾದೇಶಿಕ ಭಾಷೆಯಲ್ಲಿ ಪಾಠವಾಗಲಿ ಎಂದು ಈ ನೀತಿ ಹೇಳುತ್ತದೆ. ಮೂರು ಭಾಷೆಗಳಲ್ಲಿ ಎರಡಾದರೂ ಭಾರತೀಯವಾಗಿರಬೇಕು, ಯಾವ ರಾಜ್ಯದ ಮೇಲೂ ಯಾವ ಭಾಷೆಯನ್ನೂ ಹೇರುವುದಿಲ್ಲ ಎಂದೂ ಹೇಳುತ್ತದೆ. ಕೇಳಲು ಹಿತವಾದ ಮಾತುಗಳು. ಆದರೆ ಹೊರನಾಡಿನವರು ಇದನ್ನು ಎರಡು ಸಲ ಓದಬೇಕು. ಬೆಂಗಳೂರಿನ ಕನ್ನಡ ಮಗುವಿಗೆ ಮನೆಮಾತು, ಸ್ಥಳೀಯ ಭಾಷೆ, ಪ್ರಾದೇಶಿಕ ಭಾಷೆ ಮೂರೂ ಒಂದೇ. ಮುಂಬಯಿಯ ಮಗುವಿಗೆ ಅವು ಬೇರೆ ಬೇರೆ. 'ಅಥವಾ' ಎಂಬ ಒಂದು ಪದ ಇರುವುದರಿಂದ, ಇಲ್ಲಿ ಮರಾಠಿಯಲ್ಲಿ ಪಾಠವಾದರೂ ನೀತಿ ಪಾಲನೆಯಾದಂತೆಯೇ. ಜೊತೆಗೆ 'ಸಾಧ್ಯವಾದಲ್ಲೆಲ್ಲ' ಎಂಬ ಮಾತು. 2009ರ ಕಾಯಿದೆಯಲ್ಲೂ ಮಾತೃಭಾಷಾ ಮಾಧ್ಯಮಕ್ಕೆ 'ಕಾರ್ಯಸಾಧ್ಯವಾದಷ್ಟು ಮಟ್ಟಿಗೆ' ಎಂಬ ಷರತ್ತು ಇದೆ. 1949ರ ನಿರ್ಣಯದಲ್ಲಿ ಈ ಸಾಧ್ಯತೆಗೆ ಒಂದು ಅಳತೆಯಿತ್ತು: ತರಗತಿಗೆ ಹತ್ತು, ಶಾಲೆಗೆ ನಲವತ್ತು. ಅಳತೆ ಇದ್ದಾಗ ಹತ್ತು ಮಂದಿ ಪಾಲಕರು ಕೂಡಿ ಹೋಗಿ ಕೇಳಬಹುದು. ಅಳತೆ ಇಲ್ಲದಿದ್ದರೆ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂದು ಹೇಳುವವರು ಆಫೀಸಿನ ಮೇಜಿನ ಆಚೆಗೆ ಕೂತವರು.

ಈ ಎಪ್ಪತ್ತೈದು ವರ್ಷಗಳ ಕಥೆಯಿಂದ ನಮಗೆ ಕಾಣುವುದು ಒಂದೇ. ದಿಲ್ಲಿಯ ನೀತಿಗಳು ಕನ್ನಡಕ್ಕೆ ಬಾಗಿಲನ್ನು ಯಾವತ್ತೂ ಪೂರ್ತಿಯಾಗಿ ಮುಚ್ಚಿಲ್ಲ. ಬಾಗಿಲ ಬಳಿ ನಿಂತು ಎಷ್ಟು ಮಕ್ಕಳು ಬಂದರು ಎಂದು ಎಣಿಸಿವೆ. ಎಣಿಕೆಗೆ ಸಿಗದವರಿಗೆ ಸವಲತ್ತು ಸಿಕ್ಕಿಲ್ಲ. ಹಾಗಾದರೆ ಮುಂದಿನ ನೀತಿ ಹೇಗಿರಬೇಕೆಂದು ವಾದಿಸುವುದರ ಜೊತೆಗೆ, ಎಣಿಕೆಗೆ ಸಿಗುವ ಕೆಲಸವನ್ನೂ ನಾವು ಮಾಡಬೇಡವೇ?

ಕೆಲಸ ದೊಡ್ಡದಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ಮಾತೃಭಾಷೆಯ ಕಾಲಮ್ಮನ್ನು ಗುಮಾಸ್ತರ ಊಹೆಗೆ ಬಿಡದೆ ನಾವೇ ತುಂಬೋಣ. 2027ರ ಜನಗಣತಿಯಲ್ಲಿ ಇದಕ್ಕೆ ಮತ್ತೊಂದು ಅವಕಾಶ. ನಮ್ಮ ಜನಗಣತಿಯಲ್ಲಿ ಮಾತೃಭಾಷೆಯಲ್ಲದೆ ಬಲ್ಲ ಇತರ ಎರಡು ಭಾಷೆಗಳನ್ನೂ ಬರೆಸುವ ಪದ್ಧತಿಯಿದೆ. ಮನೆಮಾತು ತುಳುವೋ ಕೊಂಕಣಿಯೋ ಆದವರು ಅದನ್ನು ಅಭಿಮಾನದಿಂದಲೇ ಬರೆಸಲಿ. ಬಲ್ಲ ಭಾಷೆಗಳಲ್ಲಿ ಕನ್ನಡವನ್ನು ಮರೆಯದಿರಲಿ. ಇನ್ನು ಶಾಲೆಯಲ್ಲಿ ಹತ್ತು ಕೂಡದಿದ್ದರೆ ಸಂಘದಲ್ಲಿ ಕೂಡಬಹುದು. ಡೊಂಬಿವಲಿಯ ಐದು ಕಾಲೊನಿಗಳಿಂದ ಇಬ್ಬಿಬ್ಬರಂತೆ ಬಂದರೆ ಭಾನುವಾರ ಬೆಳಗ್ಗೆ ಒಂದು ಕನ್ನಡ ತರಗತಿಗೆ ಹತ್ತು ಮಕ್ಕಳಾಯಿತು. ರಾತ್ರಿ ಶಾಲೆ ಕಟ್ಟಿದ ಹಿರಿಯರು ಸರಕಾರದ ಲೆಕ್ಕ ಕೂಡಲೆಂದು ಕಾಯುತ್ತ ಕೂತವರಲ್ಲ. ಹುಡುಗರಿಗೆ ಬಿಡುವು ಸಿಗುವುದು ರಾತ್ರಿ ಮಾತ್ರ ಎಂದು ಕಂಡುಕೊಂಡು ರಾತ್ರಿಯೇ ದೀಪ ಹಚ್ಚಿದರು. ಇಂದಿನ ಮಕ್ಕಳಿಗೆ ಬಿಡುವು ಯಾವಾಗ ಎಂದು ಕಂಡುಕೊಳ್ಳುವುದು ಈಗ ನಮ್ಮ ಪಾಲಿನ ಕೆಲಸ.