ಪರವಾನಗಿ ಕಾಲದ ಕಾರು ದುರಸ್ತಿ

ಭಾರತದಲ್ಲಿ ಹಳೆಯ ಕಾರನ್ನು ಕಡಿಮೆ ಖರ್ಚಿನಲ್ಲಿ ಮಾಲೀಕರೇ ಬಿಚ್ಚಿ ಜೋಡಿಸಿಕೊಳ್ಳುವ ರೂಢಿ ಹವ್ಯಾಸವಾಗಿ ಹುಟ್ಟಿದ್ದಲ್ಲ. ಸ್ವಾತಂತ್ರ್ಯಾನಂತರದ ಆಮದು ನೀತಿಯೂ ಕೈಗಾರಿಕಾ ಪರವಾನಗಿ ಪದ್ಧತಿಯೂ ಅದನ್ನು ಅನಿವಾರ್ಯಗೊಳಿಸಿದವು. 1949ರಲ್ಲಿ ಸರ್ಕಾರ ಪೂರ್ಣವಾಗಿ ಜೋಡಣೆಗೊಂಡ ವಾಹನಗಳ ಆಮದನ್ನು ನಿಷೇಧಿಸಿತು. ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಅವಕಾಶವಿರಬಾರದೆಂದು 1953ರಲ್ಲಿ ಸುಂಕ ಆಯೋಗ ಶಿಫಾರಸು ಮಾಡಿದ ಬಳಿಕ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪನಿಗಳು ಇಲ್ಲಿನ ಜೋಡಣೆಯನ್ನು ನಿಲ್ಲಿಸಿದವು. ಅವು ಮಾರಿದ್ದ ಕಾರುಗಳು ಮಾತ್ರ ರಸ್ತೆಯಲ್ಲಿ ಉಳಿದವು.

ಆಮೇಲಿನ ಮೂರು ದಶಕ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಇದ್ದದ್ದು ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಅಂಬಾಸಿಡರ್, ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದ ಫಿಯೆಟ್ 1100 ಮತ್ತು ಮದರಾಸಿನ ಸ್ಟ್ಯಾಂಡರ್ಡ್ ಕಾರುಗಳು. ಹಣ ಕಟ್ಟಿ ಹೆಸರು ನೋಂದಾಯಿಸಿದವರೂ ವರ್ಷಗಟ್ಟಲೆ ಕಾಯಬೇಕಿದ್ದ ಕಾರಣ ಹಳೆಯ ಕಾರಿಗೆ ಬೆಲೆ ಇಳಿಯಲಿಲ್ಲ, ಅದನ್ನು ಗುಜರಿಗೆ ಹಾಕುವ ಯೋಚನೆಯೂ ಸುಲಭವಾಗಿ ಬರುತ್ತಿರಲಿಲ್ಲ. ಈ ಕಾರುಗಳ ವಿನ್ಯಾಸ ಹೆಚ್ಚು ಬದಲಾಗಲಿಲ್ಲವೆಂಬುದನ್ನು ಆಗಿನವರು ದೂರಿದ್ದು ಸಹಜ. ಆದರೆ ಒಂದು ಕಾರಿನ ಬಿಡಿಭಾಗ ಇಪ್ಪತ್ತು ವರ್ಷ ಹಿಂದಿನ ಇನ್ನೊಂದಕ್ಕೆ ಹೊಂದುತ್ತಿತ್ತು, ಒಬ್ಬ ಮೇಸ್ತ್ರಿ ಕಲಿತದ್ದು ಅವನ ಶಿಷ್ಯನ ಕಾಲಕ್ಕೂ ಸಲ್ಲುತ್ತಿತ್ತು. ಬಡ ಗ್ಯಾರೇಜುಗಳ ವಿದ್ಯೆ ಬೆಳೆದದ್ದು ಆ ಜಡತೆಯ ಮೇಲೆಯೇ ಎಂಬುದನ್ನು ಒಪ್ಪಲೇಬೇಕು.

ಎಂಜಿನ್ ಬೋರ್ ಮಾಡಿಸುವ ಕೆಲಸ ಇದಕ್ಕೆ ಒಳ್ಳೆಯ ನಿದರ್ಶನ. ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ ವರ್ಷಗಳ ಸವೆತದಿಂದ ದುಂಡಗಿನ ಆಕಾರ ಕಳೆದುಕೊಂಡು, ಆಯಿಲ್ ಮೇಲೇರಿ ಉರಿದು ನೀಲಿ ಹೊಗೆ ಬರತೊಡಗಿದಾಗ ಹೊಸ ಎಂಜಿನ್ ಕೊಳ್ಳುವ ಬದಲು ಆ ಗೋಡೆಯನ್ನು ಇಂಚಿನ ಸಾವಿರ ಭಾಗಗಳಲ್ಲಿ ಇಪ್ಪತ್ತರಷ್ಟು ಅಗಲಗೊಳಿಸಿ ಅದಕ್ಕೆ ಸರಿಯಾದ ದೊಡ್ಡ ಪಿಸ್ಟನ್ ಕೂರಿಸುತ್ತಿದ್ದರು. ಮುಂದಿನ ಸವೆತಕ್ಕೆ ನಲವತ್ತು, ಅದೂ ಮುಗಿದರೆ ಅರವತ್ತು. ಕೊಯ್ಯಲು ಲೋಹವೇ ಉಳಿಯದಾಗ ಸ್ಲೀವ್ ಎಂಬ ಕೊಳವೆಯನ್ನು ಒಳಗೆ ಒತ್ತಿ ಕೂರಿಸಿ ಮೂಲ ಅಳತೆಗೆ ಮರಳುತ್ತಿದ್ದರು. ಮಾಲೀಕರು ಮನೆಯಂಗಳದಲ್ಲೇ ಮಾಡಿಕೊಳ್ಳುತ್ತಿದ್ದ ಕೆಲಸಗಳೂ ಇದ್ದವು: ಪ್ಲಗ್ಗಿನ ಮಸಿ ತೆಗೆಯುವುದು, ಕಾರ್ಬ್ಯುರೇಟರ್ ತೊಳೆಯುವುದು, ಕಿಡಿಗೆ ಬೇಕಾದ ವಿದ್ಯುತ್ತನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಉಪ್ಪುಕಾಗದದಿಂದ ಉಜ್ಜಿ ಅವುಗಳ ನಡುವಿನ ಅಂತರವನ್ನು ಸರಿಪಡಿಸುವುದು.

1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲ್ ದುಬಾರಿಯಾದಂತೆ ದುರಸ್ತಿಯೊಡನೆ ಮಾರ್ಪಾಡೂ ಬಲಗೊಂಡಿತು. ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಲು ಅದರ ಹೆಚ್ಚಿನ ತೂಕ ತಾಳುವ ಆಧಾರಗಳು, ಹೆಚ್ಚು ಶಕ್ತಿಯ ಬ್ಯಾಟರಿ, ಹಳೆಯ ಗೇರ್‌ಬಾಕ್ಸಿಗೆ ಹೊಸ ಎಂಜಿನ್ನನ್ನು ಹೊಂದಿಸುವ ಲೋಹದ ತಟ್ಟೆ ಇವೆಲ್ಲ ಬೇಕಾಗುತ್ತಿದ್ದವು. ಆ ತಟ್ಟೆಯನ್ನು ಲೇತ್ ಅಂಗಡಿಯಲ್ಲಿ ಕಡೆಯುವಾಗ ಕೇಂದ್ರ ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ ಬಾಳುತ್ತಿರಲಿಲ್ಲ. ನಕ್ಷೆಯಿಲ್ಲದೆ ಇಂಥ ಕೆಲಸ ಸಾಧಿಸಿದವರ ಕೌಶಲ ಯಾವ ಎಂಜಿನಿಯರನಿಗೂ ಕಡಿಮೆಯದಲ್ಲ.

ಬೆಂಗಳೂರಿನಲ್ಲಿ ಇದಕ್ಕೆ ಬೇಕಾದ ನೆಲೆ ಸಿದ್ಧವಾಗಿತ್ತು. ಆಡುಗೋಡಿಯ ಮೈಕೋ ಕಾರ್ಖಾನೆ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸುತ್ತಿತ್ತು, ಹೊಸ ಬಿಡಿಭಾಗಗಳು ಜೆ.ಸಿ. ರಸ್ತೆಯಲ್ಲಿ ದೊರೆಯುತ್ತಿದ್ದವು, ಅಷ್ಟು ಹಣವಿಲ್ಲದವರಿಗೆ ಶಿವಾಜಿನಗರದ ಗುಜರಿಯಲ್ಲಿ ಬಿಚ್ಚಿದ ಕಾರುಗಳ ಬಾಗಿಲು, ಡೈನಮೋ, ಗೇರ್‌ಬಾಕ್ಸುಗಳು ಸಿಗುತ್ತಿದ್ದವು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಬಳಿಕ ಈ ಲೋಕ ನಿಧಾನವಾಗಿ ಕುಗ್ಗಿತು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ 2000ದಲ್ಲಿ ಆದ ತಿದ್ದುಪಡಿ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ರಸ್ತೆಯ ಸುರಕ್ಷತೆಗಾಗಿ ಆ ನಿಯಮ ಬೇಕು. ದುರಸ್ತಿಗೆ ಮಾತ್ರ ಕಾನೂನು ಇಂದಿಗೂ ಎಡೆ ಉಳಿಸಿದೆ: ಖಾಸಗಿ ಕಾರಿನ ನೋಂದಣಿಯ ಹದಿನೈದು ವರ್ಷದ ಅವಧಿ ಮುಗಿದ ಮೇಲೂ, ವಾಹನ ಸುಸ್ಥಿತಿಯಲ್ಲಿದೆಯೆಂದು ಪರೀಕ್ಷೆಯಲ್ಲಿ ಸಾಬೀತಾದರೆ, ಸಾಮಾನ್ಯವಾಗಿ ಅದನ್ನು ಐದು ವರ್ಷಗಳಿಗೆ ನವೀಕರಿಸಬಹುದು.